ಎರಡನೇ ವಿಮಾನದವನು

ನಮ್ಮದು ಕನ್ನಡಕದ ಅಂಗಡಿ. ಅಪ್ಪ ಶುರುಮಾಡಿದ್ದು, ಈಗ ನಾನು ನಡೆಸುತ್ತಿದ್ದೇನೆ. ಅಪ್ಪನದು ಸೋಡಾಬುಡ್ಡಿ ಕನ್ನಡಕ, ಅಮ್ಮನದು ಅದಕ್ಕೂ ದಪ್ಪ, ನನಗಂತೂ ಒಂದನೇ ಕ್ಲಾಸಿನಲ್ಲೇ ಮೂಗಿನ ಮೇಲೆ ಹತ್ತಿ ಕೂತಿತ್ತು. ಇಂಥ ಮನೆಯಲ್ಲಿ ಅಣ್ಣನಿಗೆ ಆ ಕಣ್ಣು ಯಾರ ಕಡೆಯಿಂದ ಬಂತೋ ದೇವರಿಗೇ ಗೊತ್ತು. ಅಂಗಡಿಯ ಗೋಡೆಗೆ ನೇತುಹಾಕಿದ್ದ ಅಕ್ಷರದ ಹಲಗೆಯ ಕೊನೆಯ ಸಾಲನ್ನು ಅವನು ರಸ್ತೆಯ ಆಚೆ ಬದಿ, ಚಪ್ಪಲಿ ಅಂಗಡಿಯ ಮುಂದೆ ನಿಂತುಕೊಂಡು ಓದುತ್ತಿದ್ದ. ಬಂದ ಗಿರಾಕಿಗಳು ಬಾಯಿಬಿಟ್ಟುಕೊಂಡು ನೋಡುತ್ತಿದ್ದರು. ಅಪ್ಪನಿಗೆ ಒಳಗೊಳಗೇ ಹೆಮ್ಮೆ. ಬಾಯಲ್ಲಿ ಮಾತ್ರ, "ಇವನಿಂದ ನಮ್ಮ ಅಂಗಡಿಗೆ ಏನೂ ಪ್ರಯೋಜನ ಇಲ್ಲ" ಎನ್ನುತ್ತಿದ್ದರು.

ಆ ಕಣ್ಣೇ ಅವನನ್ನು ವಾಯುಪಡೆಗೆ ಕರೆದುಕೊಂಡು ಹೋಯಿತು. ಆಯ್ಕೆಯಾದ ಸುದ್ದಿ ಬಂದಾಗ ಅಮ್ಮ ಎರಡು ದಿನ ಯಾರ ಜತೆಗೂ ಮಾತಾಡಲಿಲ್ಲ. ನಾನು ಊರಿಗೆಲ್ಲ ಡಂಗುರ ಸಾರಿದೆ. ಆಗ ನನಗೇನು ಗೊತ್ತಿತ್ತು, ಮಣ್ಣು.

ಫೈಟರ್ ಪೈಲಟ್ ಎಂದರೆ ಜನರ ಕಣ್ಣಿಗೆ ಕಟ್ಟುವುದು ಕಪ್ಪು ಕನ್ನಡಕ, ಕಂಕುಳಲ್ಲಿ ಹೆಲ್ಮೆಟ್ಟು, ಓರೆ ನಗೆ. ರಜೆಗೆ ಬಂದವನ ಬಟ್ಟೆ ಒಗೆದವಳು ನಾನು, ನನ್ನನ್ನು ಕೇಳಿ. ಹಾರುವಾಗ ತೊಡುವ ಆ ಮೇಲಂಗಿ ಬೆವರಿನ ಉಪ್ಪು ಕಟ್ಟಿ ಹಪ್ಪಳದ ಹಾಗೆ ಸೆಟೆದುಕೊಂಡಿರುತ್ತಿತ್ತು. ಮೂಗಿನ ಎರಡೂ ಬದಿಗೆ ಉಸಿರಾಟದ ಮುಖವಾಡದ ಗುರುತು, ಎಷ್ಟು ಉಜ್ಜಿದರೂ ಹೋಗದು. ವಿಮಾನ ಗಕ್ಕನೆ ತಿರುಗಿದಾಗ ಮೈಯ ಭಾರ ಏಳೆಂಟು ಪಟ್ಟಾಗಿ ರಕ್ತವೆಲ್ಲ ಕಾಲಿಗೆ ಇಳಿಯುತ್ತದಂತೆ. ಅದು ಇಳಿಯದಿರಲಿ ಎಂದು ಗಾಳಿ ತುಂಬಿಕೊಂಡು ತೊಡೆ ಹೊಟ್ಟೆ ಹಿಂಡುವ ಒಂದು ಬಗೆಯ ಚಲ್ಲಣ ತೊಡಿಸುತ್ತಾರೆ. ಆದರೂ ಮುಂಗೈಯಲ್ಲಿ ಸಣ್ಣ ರಕ್ತನಾಳಗಳು ಒಡೆದು ದಡಾರ ಎದ್ದ ಮಗುವಿನ ಹಾಗೆ ಕೆಂಪು ಚುಕ್ಕೆ. ಕುತ್ತಿಗೆಯಂತೂ ಸತ್ತೇಹೋಗಿತ್ತು. ಊಟಕ್ಕೆ ಕೂತಾಗ ಪಕ್ಕದವರನ್ನು ನೋಡಬೇಕಾದರೆ ಸೊಂಟದಿಂದ ಇಡೀ ಮೈ ತಿರುಗಿಸುತ್ತಿದ್ದ. ನಾನು ಅದನ್ನು ಅಣಕಿಸಿ ಅಮ್ಮನ ಕೈಯಲ್ಲಿ ಬೈಸಿಕೊಂಡಿದ್ದೇನೆ.

"ಹಾರೋದು ಒಂದು ಗಂಟೆ, ಹಾರಿದ್ದಕ್ಕೆ ಬೈಸ್ಕೊಳ್ಳೋದು ಮೂರು ಗಂಟೆ" ಎಂದು ಅವನೇ ಹೇಳುತ್ತಿದ್ದ. ಕೆಳಗಿಳಿದ ಮೇಲೆ ಒಂದು ಕೋಣೆಯಲ್ಲಿ ಎಲ್ಲರೂ ಕೂತು, ಯಾರು ಎಲ್ಲಿ ಏನು ತಪ್ಪು ಮಾಡಿದರೆಂದು ಬೋರ್ಡಿನ ಮೇಲೆ ಬರೆದು ಚರ್ಮ ಸುಲಿಯುತ್ತಾರೆ. ಅಲ್ಲಿ ಯಾರೂ ಮುಖ ಊದಿಸಿಕೊಳ್ಳುವಂತಿಲ್ಲ. ಆ ಕೋಣೆಯ ಪಕ್ಕದಲ್ಲೇ ಚಹಾ ಕುಡಿಯುವ ಕೋಣೆ. ಅದರ ಗೋಡೆಯಲ್ಲಿ ಫೋಟೋಗಳ ಸಾಲು, ಆ ದಳದಲ್ಲಿ ಸತ್ತವರದು. ನಾನು ಒಮ್ಮೆ ಹೋಗಿ ನೋಡಿದ್ದೆ. ಅಣ್ಣನ ಕಾಲದಲ್ಲಿ ಯುದ್ಧ ಬರಲೇ ಇಲ್ಲ. ಒಬ್ಬ ಶತ್ರುವಿನ ಮುಖವನ್ನೂ ನೋಡದೆ, ಬರೀ ಅಭ್ಯಾಸ ಮಾಡುತ್ತಲೇ ಅಷ್ಟು ಜನ ಸತ್ತಿದ್ದರು. ಒಬ್ಬ ಹಕ್ಕಿ ಬಡಿದು, ಒಬ್ಬ ಎಂಜಿನ್ ನಿಂತು, ಒಬ್ಬ ಯಾಕೆ ಎಂದು ಯಾರಿಗೂ ತಿಳಿಯದೆ. ಎಲ್ಲರದೂ ನಗುವ ಫೋಟೋ. ನಾನು ಚಹಾ ಲೋಟವನ್ನು ಹಾಗೇ ಕೆಳಗಿಟ್ಟೆ. ಅಣ್ಣನ ಜತೆಯವರು ಮಾತ್ರ ಅದರ ಕೆಳಗೇ ಕೂತು ಇಸ್ಪೀಟು ಆಡುತ್ತಿದ್ದರು.

ಮೇಷ್ಟ್ರನ್ನು ನಾನು ಮೊದಲು ನೋಡಿದ್ದು ಅಲ್ಲೇ. ಅವರು ಅಣ್ಣನಿಗಿಂತ ಆರೇಳು ವರ್ಷ ದೊಡ್ಡವರು. ಯಾರು ಸಿಕ್ಕರೂ ಏನಾದರೊಂದು ಕಲಿಸದೆ ಬಿಡುತ್ತಿರಲಿಲ್ಲವಾದ್ದರಿಂದ ಅವರಿಗೆ ಆ ಹೆಸರು. ಅಣ್ಣನಿಗೆ 'ದುರ್ಬೀನು' ಎಂದು ಹೆಸರಿಟ್ಟವರೂ ಅವರೇ. ನನ್ನನ್ನು ನೋಡಿ, "ದುರ್ಬೀನು ತಂಗಿಗೆ ಇಷ್ಟು ದಪ್ಪ ಕನ್ನಡಕವಾ? ಮನೇಲಿದ್ದ ದೃಷ್ಟಿಯೆಲ್ಲ ಇವನೊಬ್ಬನೇ ಬಾಚ್ಕೊಂಡ್ನಾ?" ಎಂದರು. ನನಗೆ ಕೋಪ ಬರಬೇಕಿತ್ತು, ಬರಲಿಲ್ಲ. ಅವರು ಹೇಳುತ್ತಿದ್ದ ರೀತಿಯೇ ಹಾಗಿತ್ತು.

ಯುದ್ಧವಿಮಾನಗಳು ಒಂಟಿಯಾಗಿ ಹೋಗುವುದಿಲ್ಲ, ಜೋಡಿಯಾಗಿ ಹೋಗುತ್ತವೆ. ಮುಂದಿನದು ಲೀಡರದು, ಪಕ್ಕದ್ದು ಎರಡನೆಯವನದು. ದಾರಿ, ಎತ್ತರ, ಇಳಿಯಲು ಅಪ್ಪಣೆ ಕೊಡುವ ನಿಲ್ದಾಣದ ಟವರಿನ ಜತೆ ಮಾತು, ಎಲ್ಲ ಲೀಡರಿನ ತಲೆನೋವು. ಎರಡನೆಯವನಿಗೆ ಇರುವುದು ಒಂದೇ ಕೆಲಸ, ಲೀಡರಿನ ರೆಕ್ಕೆಯಲ್ಲಿ ಕಣ್ಣು ನೆಟ್ಟು ಅಂಟಿಕೊಂಡಿರುವುದು. ಮೋಡದೊಳಗೆ ಹೊಕ್ಕರಂತೂ ರೆಕ್ಕೆಯ ತುದಿಯ ದೀಪ ಬಿಟ್ಟರೆ ಅವನಿಗೆ ಜಗತ್ತೇ ಇಲ್ಲ. ಮೇಲೆ ಯಾವುದು ಕೆಳಗೆ ಯಾವುದು ಎಂದೂ ಅವನು ಯೋಚಿಸುವಂತಿಲ್ಲ. ಅಣ್ಣ ಮೇಷ್ಟ್ರ ಎರಡನೆಯವನು. ಮೇಷ್ಟ್ರು ಹಾಕಿದ ಗೆರೆ ದಾಟಿದವನಲ್ಲ. ಅವರ ಗೆರೆಗಳಲ್ಲಿ ಒಂದು, "ನಾನು ಟವರ್ ಜತೆ ಮಾತಾಡ್ತಿರುವಾಗ ನಿನ್ನ ಬಾಯಿಗೆ ಬೀಗ." ಲೀಡರಿನ ಕಿವಿಗೆ ಎರಡು ಕಡೆಯಿಂದ ಮಾತು ಬಿದ್ದರೆ ಎರಡೂ ಕೆಡುತ್ತವೆ ಎಂಬುದು ಅವರ ವಾದ. ಹೊಸದರಲ್ಲಿ ಒಮ್ಮೆ ಅಣ್ಣ ನಡುವೆ ಬಾಯಿಹಾಕಿ, ಕೆಳಗಿಳಿದ ಮೇಲೆ ಎಲ್ಲರೆದುರು ಉಗಿಸಿಕೊಂಡಿದ್ದ. ಎರಡನೇ ಸಲ ಹಾಗಾಗಲಿಲ್ಲ.

ಆ ಚಳಿಗಾಲದಲ್ಲಿ ಮೇಷ್ಟ್ರು ಸತ್ತರು. ಇಬ್ಬರೂ ಅಭ್ಯಾಸ ಮುಗಿಸಿ ಮರಳುವಾಗ ಮೋಡ ಕವಿದಿತ್ತು. ಮೋಡದೊಳಗೆ ಇಳಿಯುತ್ತಿದ್ದಾಗ ಮೇಷ್ಟ್ರ ವಿಮಾನ ಗುಡ್ಡಕ್ಕೆ ಬಡಿಯಿತು, ಅಣ್ಣನದು ಕೂದಲೆಳೆಯಲ್ಲಿ ಪಾರಾಯಿತು. ಅದೇ ಸಂಜೆ ವಿಚಾರಣೆ ಶುರುವಾಯಿತು, ಆಮೇಲೆ ತೀರ್ಮಾನ ಬಂತು. ಎತ್ತರ ತೋರಿಸುವ ಮೀಟರನ್ನು ಇಳಿಯುವ ಮುಂಚೆ ಆ ದಿನದ ಗಾಳಿಯ ಒತ್ತಡಕ್ಕೆ ತಿರುಗಿಸಿ ಹೊಂದಿಸಬೇಕು. ಮೇಷ್ಟ್ರು ಹೊಂದಿಸಿರಲಿಲ್ಲ, ಆದ್ದರಿಂದ ಅವರ ಮೀಟರು ಇದ್ದದ್ದಕ್ಕಿಂತ ಹೆಚ್ಚು ಎತ್ತರ ತೋರಿಸುತ್ತಿತ್ತು. ಎರಡನೇ ವಿಮಾನದವನು ಎಚ್ಚರಿಸಿದರೂ ಲೀಡರ್ ಕಿವಿಗೆ ಹಾಕಿಕೊಳ್ಳಲಿಲ್ಲ. ಇಷ್ಟು.

ಶವಪೆಟ್ಟಿಗೆ ಮುಚ್ಚಿಯೇ ಬಂದಿತ್ತು. ಮೇಷ್ಟ್ರ ಹೆಂಡತಿ ಅಳಲಿಲ್ಲ. ಸೊಂಟದ ಮೇಲೆ ಮಗು, ಇನ್ನೂ ಮಾತು ಬಾರದ್ದು, ಆಕೆಯ ಸರ ಹಿಡಿದು ಜಗ್ಗುತ್ತಿತ್ತು. ಅಣ್ಣ ಹೋಗಿ ಎದುರು ನಿಂತ. ಆಕೆ ಅವನ ತೋಳು ಮುಟ್ಟಿ, "ನೀನು ಹೇಳಿದ್ಯಂತೆ. ಅವರು ಯಾರ ಮಾತು ಕೇಳಿದಾರೆ ಹೇಳು" ಎಂದಳು. ಅಣ್ಣನ ಮುಖ ಆಗ ಹೇಗಾಯಿತೋ ನಾನು ನೋಡಲಿಲ್ಲ. ಮಗುವಿನ ಕೈಯಿಂದ ಸರ ಬಿಡಿಸುತ್ತಿದ್ದೆ.

ಅದಾದ ಮೇಲೆ ಅಣ್ಣನಿಗೊಂದು ಕೆಟ್ಟ ಚಾಳಿ ಹತ್ತಿತು. ಯಾರ ಮಾತನ್ನೂ ಮುಗಿಯಲು ಬಿಡುತ್ತಿರಲಿಲ್ಲ. ಅಮ್ಮ "ಒಲೆ ಮೇಲೆ ಹಾಲು..." ಎನ್ನುವಷ್ಟರಲ್ಲಿ "ಆರಿಸಿದೀನಿ" ಎನ್ನುತ್ತಿದ್ದ. ಆಮೇಲೆ ಮದುವೆಯಾಗಿ ಬಂದ ಅವನ ಹೆಂಡತಿ, ನನ್ನ ಅತ್ತಿಗೆ, ಮೊದಲೇ ನಿಧಾನದ ಹೆಂಗಸು. ಮದುವೆಯಾದಾಗಿನಿಂದ ಒಂದು ವಾಕ್ಯವನ್ನೂ ಪೂರ್ತಿ ಹೇಳಿಲ್ಲ ಎಂದು ನನ್ನ ಹತ್ತಿರ ಕಣ್ಣೀರು ಹಾಕಿದ್ದರು. ಒಂದು ದಿನ ಊಟದ ಹೊತ್ತಿನಲ್ಲಿ ನನಗೆ ಪಿತ್ತ ನೆತ್ತಿಗೇರಿತು. "ನನ್ನ ಮಾತು ಮುಗೀಲಿ ಅಣ್ಣ, ಆಮೇಲೆ ನಿಂದು" ಎಂದೆ. ಅವನು ತಟ್ಟೆ ಬಿಟ್ಟು ಎದ್ದು ಹೋದ. ಎಲ್ಲರೂ ನನ್ನನ್ನೇ ಬೈದರು. ದೊಡ್ಡ ಹುದ್ದೆ ತಲೆಗೇರಿದೆ ಎಂದುಕೊಂಡೆ ನಾನು.

ಹುದ್ದೆ ಏರಿದ್ದು ನಿಜವೇ. ಅವನು ಮತ್ತೆ ಯಾರ ಎರಡನೆಯವನೂ ಆಗಲಿಲ್ಲ, ಹೊಸಬರಿಗೆ ಕಲಿಸುವ ಕಡೆಗೆ ಹೋದ. ನಿವೃತ್ತಿಯ ಕೂಟದಲ್ಲಿ ಅವನ ಶಿಷ್ಯನೊಬ್ಬ ನನ್ನ ಪಕ್ಕ ಕೂತು ಅವನ ಕಥೆ ಬಿಚ್ಚಿದ. "ಮೊದಲ ದಿನಾನೇ ಹೇಳ್ಬಿಡೋರು ಮೇಡಂ. ನಾನು ಟವರ್ ಜತೆ ಮಾತಾಡ್ತಿರ್ಲಿ, ದೇವರ ಜತೆ ಮಾತಾಡ್ತಿರ್ಲಿ, ತಪ್ಪು ಕಂಡ್ರೆ ನನ್ನ ಬಾಯಿ ಮುಚ್ಚಿಸು ಅಂತ. ಬೇಕಂತ್ಲೇ ತಪ್ಪು ಮಾಡೋರು. ನನ್ನ ಜತೆಯವನೊಬ್ಬ ಅವರ ಮಾತು ಮುಗಿಯೋವರೆಗೂ ಕಾದ. ಅವನನ್ನ ಫೈಟರ್ ಕಡೆಯಿಂದಲೇ ತೆಗೆಸಿ ಸಾಮಾನು ಸಾಗಿಸೋ ವಿಮಾನಕ್ಕೆ ಹಾಕಿಸಿಬಿಟ್ರು. ಒಳ್ಳೆ ಹುಡುಗ, ಪಾಪ." ಅವನು ನಗುತ್ತ ಹೇಳಿದ, ನಾನೂ ನಕ್ಕೆ.

ನಿವೃತ್ತನಾದ ಮೇಲೆ ಅಣ್ಣ ನಮ್ಮ ಊರಿಗೇ ಬಂದು ಮನೆ ಮಾಡಿದ. ಪ್ರಯಾಣಿಕರ ವಿಮಾನ ಹಾರಿಸಲು ಕರೆದರು, ಹೋಗಲಿಲ್ಲ. ಅಷ್ಟರಲ್ಲಿ ಅವನ ಕಣ್ಣೂ ಸೋತಿತ್ತು. ನನ್ನ ಅಂಗಡಿಯ ಕುರ್ಚಿಯಲ್ಲಿ ಕೂತು, ಓದುವ ಪಟ್ಟಿಯನ್ನು ತೋಳುದ್ದ ಹಿಡಿದು ಕಣ್ಣು ಕಿರಿದು ಮಾಡಿದ. "ಬಾರಪ್ಪ ನಮ್ಮ ಜಾತಿಗೆ" ಎಂದೆ. ನಗಲಿಲ್ಲ. ಹೊತ್ತು ಹೋಗಲೆಂದು ದಿನಾ ಅಂಗಡಿಗೆ ಬಂದು ಹಿಂದಿನ ಕೋಣೆಯಲ್ಲಿ ಕೂರತೊಡಗಿದ. ಲೆನ್ಸಿನ ಅಂಚು ತೇಯುವ ಯಂತ್ರ, ಸಣ್ಣ ಸ್ಕ್ರೂಗಳ ತಟ್ಟೆ, ಫ್ರೇಮು ಬಗ್ಗಿಸಲು ಕಾಯಿಸುವ ಬಿಸಿ ಮರಳು, ಇವುಗಳ ನಡುವೆ ಅವನು ಆರಾಮಾಗಿದ್ದ. ಗಿರಾಕಿಗಳ ಜತೆ ಮಾತ್ರ ಮಾತಾಡಿಸಬೇಡ ಎಂದಿದ್ದ. ನಾನೂ ಅದೇ ಒಳ್ಳೆಯದು ಎಂದುಕೊಂಡೆ, ಇವನು ನಡುವೆ ಬಾಯಿಹಾಕಿದರೆ ಇರುವ ಗಿರಾಕಿಗಳೂ ಓಡಿಹೋಗುತ್ತಾರೆ.

ಒಂದು ಮಂಗಳವಾರ ಮಧ್ಯಾಹ್ನ ಮೇಷ್ಟ್ರ ಹೆಂಡತಿ ಅಂಗಡಿಗೆ ಬಂದಳು. ನನಗೆ ಗುರುತೇ ಸಿಗಲಿಲ್ಲ. ಆಕೆಗೆ ಸಿಕ್ಕಿತು.

"ನೀನು ದುರ್ಬೀನು ತಂಗಿ ಅಲ್ವಾ? ಆ ದಿನ ನನ್ನ ಮಗು ಕೈಯಿಂದ ಸರ ಬಿಡಿಸಿದ್ದೆ."

ನಾನು ಕೈ ಹಿಡಿದು ಕೂರಿಸಿದೆ. ಮಗಳಿಗೆ ಇಲ್ಲಿ ಕೆಲಸ ಸಿಕ್ಕಿತಂತೆ, ಇಬ್ಬರೂ ಬಂದು ವರ್ಷವಾಯಿತಂತೆ. ಆಕೆ ನಗರದ ಲೈಬ್ರರಿಯಲ್ಲಿ ಕೆಲಸ ಹಿಡಿದಿದ್ದಳು. ಮಂಗಳವಾರ ರಜೆ. ಪುಸ್ತಕದ ಬೆನ್ನಿನ ಮೇಲಿನ ನಂಬರು ಕಾಣುತ್ತಿಲ್ಲ ಎಂದು ಬಂದಿದ್ದಳು. ಅಣ್ಣ ಒಳಗಿದ್ದಾನೆ ಎಂದು ಹೇಳಲು ಬಾಯಿ ತೆರೆದೆ. ಅಷ್ಟರಲ್ಲಿ ಒಳಗೆ ಲೆನ್ಸ್ ತೇಯುತ್ತಿದ್ದ ಯಂತ್ರ ನಿಂತಿತು. ಹಿಂಬಾಗಿಲು ಮೆಲ್ಲಗೆ ಮುಚ್ಚಿಕೊಂಡ ಸದ್ದು. ನಾನು ಸುಮ್ಮನಾದೆ.

ಪರೀಕ್ಷೆಯ ಫ್ರೇಮನ್ನು ಆಕೆಯ ಮುಖಕ್ಕೆ ಹಾಕಿ ಲೆನ್ಸ್ ಬದಲಾಯಿಸುತ್ತ ಹೋದೆ. ಇದು ಚೆನ್ನಾಗಿದೆಯಾ, ಅದು ಚೆನ್ನಾಗಿತ್ತಾ ಎಂದು ಕೇಳುವುದು ನಮ್ಮ ಕೆಲಸ. ಆ ಕುರ್ಚಿಯಲ್ಲಿ ಕೂತವರು ಕಣ್ಣಿನ ಜತೆ ಏನೇನೋ ಬಿಚ್ಚುತ್ತಾರೆ. ಆಕೆಯೂ ಹಾಗೇ.

"ಅವರಿಗೆ ಇನ್ನೂ ಕನ್ನಡಕದ ವಯಸ್ಸೇ ಆಗಿರ್ಲಿಲ್ಲ ನೋಡು. ಕಣ್ಣು ಸರಿ ಇತ್ತು, ಕಿವಿ ಸರಿ ಇತ್ತು. ಕೇಳೋ ಬುದ್ಧಿ ಒಂದು ಇರ್ಲಿಲ್ಲ. ನಿಮ್ಮಣ್ಣ ಪಾಪ ಹೇಳ್ದ, ಕೆಳಗೆ ಬಂದ್ಬಿಟ್ಟಿದೀವಿ ಅಂತ. ಒಂದು ಸಲ ಮೀಟರ್ ನೋಡ್ಕೊಂಡಿದ್ರೆ ಮುಗೀತಿತ್ತು. ಮನೇಲೂ ಹಾಗೇನೇ, ತಾನು ಹೇಳಿದ್ದೇ ಸರಿ. ಹೆಂಡತಿ ಮಗುಗಿಂತ ಹಟ ದೊಡ್ಡದಾಯ್ತು ಅವರಿಗೆ."

"ಇದು ಹೇಗಿದೆ ಅಕ್ಕಾ?"

"ಹಿಂದಿನದೇ ಚೆನ್ನಾಗಿತ್ತು. ಮೊದಮೊದಲು ಅಳ್ತಿದ್ದೆ, ಆಮೇಲೆ ಸಿಟ್ಟು ಬಂತು. ಫೋಟೋ ನೋಡಿದ್ರೆ ಮೈಯೆಲ್ಲ ಉರಿಯೋದು. ಒಂದು ದಿನ ಎಲ್ಲಾ ಗುಡ್ಡೆ ಹಾಕಿ ಹೊರಗೆ ಹಾಕ್ಬಿಟ್ಟೆ. ಮಗಳು ಯಾವಾಗಾದ್ರೂ ಹಟ ಮಾಡಿದ್ರೆ, ಅಪ್ಪನ ಹಾಗೆ ಸಾಯ್ಬೇಡ ಅಂತೀನಿ. ಅವಳಿಗೂ ಅವರಂದ್ರೆ ಆಗಲ್ಲ." ಆಮೇಲೆ ಕೇಳಿದಳು, "ದುರ್ಬೀನು ಹೇಗಿದಾನೆ? ಮೊದಲ ವರ್ಷ ಎರಡು ಸಲ ಬಂದಿದ್ದ. ಆಮೇಲೆ ಬರ್ಲೇ ಇಲ್ಲ. ಅವನಿಗೂ ಕಷ್ಟವೇ ಬಿಡು. ಒಳ್ಳೆಯವನು. ತನ್ನ ಕೆಲಸ ತಾನು ಮಾಡ್ದ."

ಆಕೆ ಹೋದ ಮೇಲೆ ಅಣ್ಣ ಹಿಂಬಾಗಿಲಿನಿಂದ ಬಂದ. ನಾನು ಆಕೆ ಆಡಿದ್ದನ್ನೆಲ್ಲ ಉಪ್ಪು ಖಾರ ಸೇರಿಸದೆ ಹಾಗೇ ಹೇಳಿದೆ. ಫೋಟೋ ಹೊರಗೆ ಹಾಕಿದ್ದು, ಮಗಳ ಮಾತು. ಅವನು ಸ್ಕ್ರೂ ತಟ್ಟೆಯನ್ನು ನೋಡುತ್ತ ಕೂತಿದ್ದ. ಒಂದು ಸಲವೂ ನಡುವೆ ಬಾಯಿ ಹಾಕಲಿಲ್ಲ. ನನಗೆ ಅದೇ ಹೆದರಿಕೆಯಾಯಿತು.

"ನಾನು ಹೇಳ್ಲಿಲ್ಲ" ಎಂದ.

"ಏನು ಹೇಳ್ಲಿಲ್ಲ?"

"ಕೆಳಗೆ ಬಂದಿದೀವಿ ಅಂತ. ಮೇಷ್ಟ್ರಿಗೆ ನಾನು ಹೇಳ್ಲೇ ಇಲ್ಲ."

ಆಮೇಲೆ ಅವನು ಹೇಳಿದ್ದು ಇದು. ಎರಡನೆಯವನು ಲೀಡರಿಗೆ ಅಂಟಿಕೊಂಡಿರಲು ಸದಾ ವೇಗ ಹೆಚ್ಚು ಕಡಿಮೆ ಮಾಡುತ್ತಿರಬೇಕು, ಹಾಗಾಗಿ ಅವನ ವಿಮಾನಕ್ಕೇ ಇಂಧನ ಹೆಚ್ಚು ಬೇಕು. ಆ ದಿನ ಅಣ್ಣನದು ತಳ ಕಂಡಿತ್ತು, ಮೇಷ್ಟ್ರಿಗೂ ಅದು ಗೊತ್ತಿತ್ತು. ಎಷ್ಟಿದೆ ನೋಡೋಣವೆಂದು, ನೋಡಬಾರದ ಹೊತ್ತಿನಲ್ಲಿ, ಮೇಷ್ಟ್ರ ರೆಕ್ಕೆಯಿಂದ ಕಣ್ಣು ಕಿತ್ತು ಮೀಟರಿನ ಕಡೆ ಹಾಯಿಸಿದ. ಪಕ್ಕದಲ್ಲೇ ಎತ್ತರದ ಮೀಟರು, ಅವನು ಆ ದಿನದ ಒತ್ತಡಕ್ಕೆ ಹೊಂದಿಸಿಕೊಂಡದ್ದು. ಅವರು ಇರಬೇಕಾದ ಎತ್ತರಕ್ಕಿಂತ ಬಹಳ ಕೆಳಗೆ ಇದ್ದರು. ಮೊದಲು ತನ್ನ ಮೀಟರೇ ಕೆಟ್ಟಿದೆ ಎಂದುಕೊಂಡ. ಮೇಷ್ಟ್ರದ್ದು ತಪ್ಪುವುದುಂಟೇ? ಮತ್ತೊಮ್ಮೆ ನೋಡಿದ. ಹೆಬ್ಬೆರಳು ರೇಡಿಯೋ ಗುಂಡಿಯ ಮೇಲೆ ಹೋಯಿತು. ಆಗ ಮೇಷ್ಟ್ರು ಟವರಿನ ಜತೆ ಮಾತಾಡುತ್ತಿದ್ದರು.

"ಅವರ ಮಾತು ಮುಗೀಲಿ ಅಂತ ಕಾದೆ" ಎಂದ ಅಣ್ಣ.

ಅಷ್ಟರಲ್ಲಿ ಮೋಡದೊಳಗೆ ಏನೋ ಕಪ್ಪಗೆ ಕಂಡಿತು. ಮರಗಳ ತಲೆ. ಕೈ ತಾನಾಗೇ ವಿಮಾನವನ್ನು ಮೇಲಕ್ಕೆ ಎಳೆಯಿತು. ಮೇಲಕ್ಕೆ ಹೋದ ಮೇಲೆ ಕೂಗಿದ. ಕೇಳಿಸಿಕೊಳ್ಳುವವರು ಯಾರೂ ಇರಲಿಲ್ಲ.

ವಿಮಾನದಲ್ಲಿ ಎರಡು ರೇಡಿಯೋ ಇರುತ್ತವೆ. ಒಂದು ಟವರಿಗೆ, ಇನ್ನೊಂದು ತಮ್ಮತಮ್ಮಲ್ಲೇ ಮಾತಾಡಲು. ಟವರಿನದು ಕೆಳಗೆ ಟೇಪಿನಲ್ಲಿ ದಾಖಲಾಗುತ್ತದೆ, ಇನ್ನೊಂದು ಆಗುವುದಿಲ್ಲ. ವಿಚಾರಣೆಯಲ್ಲಿ ಹಿರಿಯ ಅಧಿಕಾರಿ ಕೇಳಿದ ಮೊದಲ ಪ್ರಶ್ನೆ, "ಹೇಳಿದೆಯಾ?" ಅಣ್ಣ "ಹೇಳಿದೆ" ಎಂದ. "ಯಾವ ರೇಡಿಯೋದಲ್ಲಿ?" "ನಮ್ಮಿಬ್ಬರದ್ದರಲ್ಲಿ." ಆ ಅಧಿಕಾರಿ ಅವನನ್ನೇ ಸ್ವಲ್ಪ ಹೊತ್ತು ನೋಡಿ, ಬರೆದುಕೊಂಡರಂತೆ. ನಂಬಿದರೋ ಇಲ್ಲವೋ. ಸತ್ತವರ ತಲೆಗೆ ಕಟ್ಟಿದರೆ ಎಲ್ಲರಿಗೂ ಹಗುರ, ಬದುಕಿದವನು ನಾಳೆಯೂ ವಿಮಾನ ಹಾರಿಸಬೇಕಲ್ಲ.

ನನಗೆ ಬಂದ ಸಿಟ್ಟನ್ನು ಬರೆಯಲಾರೆ. ಅವನು ಮಾತಾಡದೆ ಕಾದದ್ದಕ್ಕಲ್ಲ, ಅದು ಮೇಷ್ಟ್ರೇ ಕಲಿಸಿದ ಪಾಠ. 'ಹೇಳಿದೆ' ಎಂಬ ಆ ಒಂದು ಶಬ್ದಕ್ಕೆ.

"ಸತ್ತವರ ಮೇಲೆ ಗೂಬೆ ಕೂರಿಸಿ ಇಷ್ಟು ವರ್ಷ ಊಟ ಹೇಗೆ ಸೇರ್ತು ನಿಂಗೆ?" ಎಂದೆ.

"ಸೇರ್ಲಿಲ್ಲ."

"ಹೋಗಿ ಹೇಳು."

"ಅವರು ನನ್ನನ್ನ ಒಳ್ಳೆಯವನು ಅಂದ್ಕೊಂಡಿದಾರೆ."

"ಅದಕ್ಕೇ ಹೇಳು. ಗಂಡನ ಫೋಟೋನ ಕಸಕ್ಕೆ ಹಾಕಿ ನಿನ್ನನ್ನ ಒಳ್ಳೆಯವನು ಅಂತಿದಾಳೆ ಆಕೆ. ನೀನು ಹೇಳ್ದೇ ಇದ್ರೆ ನಾನು ಹೇಳ್ತೀನಿ."

ಅವನು ತಲೆಯೆತ್ತಿ ನನ್ನನ್ನು ನೋಡಿದ. ಅಮ್ಮ ಸತ್ತಾಗಲೂ ನಾನು ಅವನ ಮುಖವನ್ನು ಹಾಗೆ ನೋಡಿರಲಿಲ್ಲ. ಆದರೂ ಮಾತು ಹಿಂದಕ್ಕೆ ತೆಗೆದುಕೊಳ್ಳಲಿಲ್ಲ.

ಮುಂದಿನ ಮಂಗಳವಾರ ಕನ್ನಡಕ ಸಿದ್ಧವಾಗಿತ್ತು. ನಾವೇ ತಂದುಕೊಡುತ್ತೇವೆ ಎಂದು ಫೋನು ಮಾಡಿದೆ. ಎರಡನೇ ಮಹಡಿಯ ಸಣ್ಣ ಮನೆ. ಗೋಡೆಗೆ ಕ್ಯಾಲೆಂಡರ್ ಬಿಟ್ಟರೆ ಏನೂ ಇಲ್ಲ. ಆಕೆ ಮಗಳ ಬಟ್ಟೆಗೆ ಇಸ್ತ್ರಿ ಹಾಕುತ್ತಿದ್ದಳು.

"ಬಾರೋ ದುರ್ಬೀನು. ಎಷ್ಟು ಬೆಳ್ಳಗಾಗಿದೆಯೋ ತಲೆ" ಎಂದಳು. ಮುಖದ ತುಂಬ ನಗು. ಅಣ್ಣ ಕೂರಲಿಲ್ಲ. ಕೂತುಕೊಂಡರೆ ಹೇಳಲಾರನೆಂದು ನನಗೆ ಗೊತ್ತಿತ್ತು, ನಾನೂ ಕೂರು ಎನ್ನಲಿಲ್ಲ. ಚಹಾಕ್ಕೆ ಇಡಲು ಹೊರಟ ಆಕೆಯನ್ನು ತಡೆದು ಅಣ್ಣ ಹೇಳಿಬಿಟ್ಟ. ನನಗೆ ಹೇಳಿದಷ್ಟೇ ಮಾತುಗಳಲ್ಲಿ, ಒಂದೂ ಕಡಿಮೆ ಮಾಡದೆ. ವಿಚಾರಣೆಯಲ್ಲಿ ಸುಳ್ಳು ಹೇಳಿದ್ದನ್ನೂ ಹೇಳಿದ.

ಆಕೆ ಇಸ್ತ್ರಿಪೆಟ್ಟಿಗೆ ಆರಿಸಿದಳು. ವೈರನ್ನು ಗೋಡೆಯಿಂದ ಕಿತ್ತು ಸುತ್ತತೊಡಗಿದಳು. ಬಿಸಿ ಪೆಟ್ಟಿಗೆಯ ಮೇಲೆಯೇ ಸುತ್ತುತ್ತಿದ್ದಾಳೆಂದು ನಾನು ಕೈ ಹಿಡಿದು ನಿಲ್ಲಿಸಿದೆ.

"ಗುಂಡಿ ಒತ್ತಲೇ ಇಲ್ವಾ?"

"ಬೆರಳು ಗುಂಡಿ ಮೇಲೇ ಇತ್ತು ಅಕ್ಕ."

"ಮತ್ತೆ?"

"ಅವರು ಟವರ್ ಜತೆ ಮಾತಾಡ್ತಿದ್ರು."

"ಏನಂತ ಮಾತಾಡ್ತಿದ್ರು?"

ಇದನ್ನು ನಾನು ಕೇಳಿರಲಿಲ್ಲ. ಕೇಳಬೇಕೆಂದು ಹೊಳೆದೇ ಇರಲಿಲ್ಲ. ಅಣ್ಣ ಬಾಗಿಲ ಕಡೆ ನೋಡಿದ, ಓಡಿಹೋಗುವವನ ಹಾಗೆ. ಓಡಲಿಲ್ಲ.

"ಎರಡನೇ ವಿಮಾನಕ್ಕೆ ಇಂಧನ ಕಡಿಮೆ ಇದೆ, ಅಂದ್ರು. ನಾನು ಮೇಲೆ ಸುತ್ತುತ್ತಾ ಇರ್ತೀನಿ, ಅವನನ್ನ ಮೊದಲು, ಅಂದ್ರು."

"ಮೊದಲು?"

"ಅಷ್ಟೇ ಅಕ್ಕ. ಟೇಪಿನಲ್ಲೂ ಅಲ್ಲಿಗೇ ನಿಲ್ಲುತ್ತೆ."

"ಇಳಿಸಿ ಅಂತ" ಎಂದಳು ಆಕೆ. ಗಂಡ ಬಿಟ್ಟುಹೋಗಿದ್ದ ಆ ಒಂದು ಶಬ್ದವನ್ನು ಅಷ್ಟು ವರ್ಷಗಳ ಮೇಲೆ ಆಕೆ ಹೇಳಿ ಮುಗಿಸಿದಳು. ಆಮೇಲೆ ಮಡಿಸಿಟ್ಟ ಬಟ್ಟೆಗಳ ಪಕ್ಕ ಕುಸಿದು ಕೂತಳು. ಅಳಲಿಲ್ಲ, ಬೈಯಲಿಲ್ಲ. "ಎಷ್ಟು ಬೈದಿದೀನಿ ಅವರನ್ನ" ಎಂದಳು. ಮತ್ತೆ ಅದನ್ನೇ ಹೇಳಿದಳು. ಬೈಸಿಕೊಂಡವರು ಎದುರಿಗಿದ್ದರೆ ತಪ್ಪಾಯಿತು ಎನ್ನಬಹುದು. ಆಕೆ ಯಾರಿಗೆ ಹೇಳಬೇಕು?

ಆಗಲೇ ಮಗಳು ಕೆಲಸದಿಂದ ಬಂದಳು. ಬಾಗಿಲಲ್ಲಿ ಶೂ ಬಿಚ್ಚುತ್ತ, ಯಾರು ಎನ್ನುವ ಹಾಗೆ ನಮ್ಮನ್ನು ನೋಡಿದಳು. ಎತ್ತರದ ಹುಡುಗಿ, ಮೇಷ್ಟ್ರ ಹಣೆ.

"ಇವಳಿಗೂ ನೀನೇ ಹೇಳು" ಎಂದಳು ತಾಯಿ. "ನಾನು ಹೇಳಿದ್ರೆ ನಂಬಲ್ಲ. ನಾನೇ ಹಾಗೆ ಬೆಳೆಸಿದೀನಿ ಇವಳನ್ನ."

ಅಣ್ಣ ಎರಡನೇ ಸಲ ಹೇಳಿದ. ಮಗಳು ಒಂದು ಶೂ ಕಾಲಲ್ಲಿಯೇ ಇಟ್ಟುಕೊಂಡು ನಿಂತು ಕೇಳಿದಳು. ಅವಳು ಕಪಾಳಕ್ಕೆ ಬಿಗಿದರೂ ಸರಿಯೇ ಎಂದು ನಾನು ಅಂದುಕೊಳ್ಳುತ್ತಿದ್ದೆ. ಅಣ್ಣನೂ ಅದನ್ನೇ ಕಾಯುತ್ತಿದ್ದನೇನೋ.

"ಅವರ ಮುಖ ನಂಗೆ ನೆನಪಿಲ್ಲ ಅಂಕಲ್" ಎಂದಳು ಅವಳು. "ಒಂದು ಫೋಟೋನೂ ಇಲ್ಲ. ಹೇಗಿದ್ರು ನೋಡೋಕೆ?"

ಅಣ್ಣ ತೊದಲಿದ. ವರ್ಷಗಟ್ಟಲೆ ಆ ಮನುಷ್ಯನ ರೆಕ್ಕೆಯ ತುದಿಯನ್ನು ಕಣ್ಣು ಮಿಟುಕಿಸದೆ ನೋಡಿದ್ದವನು, ಮುಖ ಎಂದ ಕೂಡಲೇ ತಡವರಿಸಿದ. ಕುಳ್ಳಗಿದ್ದರು ಎಂದ. ಕಿವಿ ಸ್ವಲ್ಪ ದೊಡ್ಡದು. ನಗುವಾಗ ಒಂದು ಕಣ್ಣು ಪೂರ್ತಿ ಮುಚ್ಚಿಹೋಗುತ್ತಿತ್ತು. ಗದ್ದದ ಎಡಗಡೆ ಹೊಲಿಗೆಯ ಗುರುತಿತ್ತು.

"ಬಲಗಡೆ" ಎಂದಳು ಮೇಷ್ಟ್ರ ಹೆಂಡತಿ.

ನಾವೆಲ್ಲ ಆಕೆಯ ಕಡೆ ತಿರುಗಿದೆವು.

"ಬಲಗಡೆ. ಸೈಕಲ್ಲಿಂದ ಬಿದ್ದಿದ್ದು, ಚಿಕ್ಕವರಿದ್ದಾಗ. ಕುಳ್ಳಗೇನೂ ಇರ್ಲಿಲ್ಲ, ನನಗಿಂತ ಎತ್ತರ ಇದ್ರು. ಬಗ್ಗಿ ನಡೀತಿದ್ರು ಅಷ್ಟೆ. ಬೆನ್ನು ನೋವು ಅಂತ ಯಾರಿಗೂ ಹೇಳ್ತಿರ್ಲಿಲ್ಲ, ಡಾಕ್ಟರು ಹಾರಬೇಡ ಅಂತಾರೆ ಅಂತ." ಆಕೆ ಮಗಳ ಕಡೆಗೇ ನೋಡಿ ಹೇಳುತ್ತಿದ್ದಳು. "ನಿನ್ನನ್ನ ಎತ್ಕೊಳ್ಳುವಾಗ ಮಾತ್ರ ಅಬ್ಬಾ ಅಂತಿದ್ರು." ಮಗಳು ಬಂದು ಪಕ್ಕದಲ್ಲಿ ನೆಲದ ಮೇಲೆ ಕೂತಳು. ಇನ್ನೂ ಹೇಳು ಎಂದಳು.

ನಮಗೆ ಅಲ್ಲಿ ಇನ್ನು ಕೆಲಸವಿರಲಿಲ್ಲ. ನಾನು ಅಣ್ಣನ ತೋಳು ಹಿಡಿದು ಹೊರಡಿಸಿದೆ. ಅವನು ಮೆಟ್ಟಿಲಿಳಿಯತೊಡಗಿದ. ಕನ್ನಡಕದ ಡಬ್ಬಿ ನನ್ನ ಕೈಯಲ್ಲೇ ಉಳಿದಿತ್ತು, ಕೊಡಲು ತಿರುಗಿದೆ. ಮೇಷ್ಟ್ರ ಹೆಂಡತಿ ಬಾಗಿಲಿಗೆ ಬಂದಿದ್ದಳು. ಡಬ್ಬಿ ತೆಗೆದು ಕನ್ನಡಕ ಹಾಕಿಕೊಂಡು ನನ್ನನ್ನು ನೋಡಿದಳು.

"ಬಲಗಡೆ ಕಿವಿ ಹಿಂದೆ ಒತ್ತುತ್ತೆ. ಮಂಗಳವಾರ ಬಂದು ಸರಿಮಾಡಿಸ್ಕೋತೀನಿ" ಎಂದಳು. ಆಮೇಲೆ ದನಿ ತಗ್ಗಿಸದೆ, "ಅವನನ್ನ ಆ ದಿನ ಅಂಗಡೀಲಿ ಇರಬೇಡ ಅನ್ನು" ಎಂದಳು.

ಅಣ್ಣ ಕೆಳಗಿನ ತಿರುವಿನಲ್ಲಿ ಕಟಕಟೆ ಹಿಡಿದು ನಿಂತಿದ್ದ. ಅವನಿಗೆ ಕೇಳಿಸಿತು. ನಾನು ಮತ್ತೆ ಹೇಳಬೇಕಾಗಿ ಬರಲಿಲ್ಲ. ಈಗ ಮಂಗಳವಾರ ಅವನು ಅಂಗಡಿಗೆ ಬರುವುದಿಲ್ಲ.